ಚಹಾ ವಿರಾಮದ ಎರಡು ಸಾಲು

ನೀಲಮ್ಮ ಟೀಚರ್, ಅದು ಯಂತ್ರದ ತಪ್ಪಲ್ಲ. ನಿಮ್ಮ ಗುಟ್ಟನ್ನು ಸಂಘದ ನಡಾವಳಿಯಲ್ಲಿ ಉಳಿಸಿ ಎಲ್ಲರಿಗೂ ಕಳಿಸಿದವಳು ನಾನು — ಓದಿ, ತಿಳಿದು, ಬೇಕೆಂದೇ. ಒಂದೇ ಸಲ ಕೇಳಿದರು, ಆಗ ಸುಳ್ಳು ಹೇಳಿದೆ. ಆಮೇಲೆ ಇಷ್ಟು ವರ್ಷ ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ಸುಳ್ಳನ್ನೇ ಹೇಳುತ್ತಿದ್ದೆನೇನೋ.

ಆಗ ನಾನು ಮುಂಬಯಿ ಪಕ್ಕದ ಕಲ್ಯಾಣದ ನಮ್ಮ ಪುಟ್ಟ ಕನ್ನಡ ಸಂಘದ ಕಾರ್ಯದರ್ಶಿ, ನೀವು ಅಲ್ಲಿ ಭಾನುವಾರದ ಕನ್ನಡ ತರಗತಿಯ ಟೀಚರ್. ಸಂಘದ ಕಟ್ಟಳೆ ನೆನಪಿದೆಯಲ್ಲ? "ನಾನು ಹಾಗೆ ಹೇಳಲೇ ಇಲ್ಲ" ಎಂದು ಇಬ್ಬರು ಹಿರಿಯರು ಒಮ್ಮೆ ಕೈಕೈ ಮಿಲಾಯಿಸುವ ತನಕ ಹೋದ ಮೇಲೆ, ಸಭೆಯ ಮಾತನ್ನೆಲ್ಲ ಆಡಿದ ಹಾಗೆಯೇ ಬರೆದು ಸದಸ್ಯರಿಗೆ ಕಳಿಸಬೇಕಿತ್ತು. ಠಾಣೆ, ನೆರೂಳಿನಿಂದ ಬರಲಾಗದವರಿಗಾಗಿ ಸಭೆಯ ವಿಡಿಯೊವನ್ನು ನೆಟ್ಟಿಗೂ ಹಾಕುತ್ತಿದ್ದೆವು. ಅದನ್ನು ಕೇಳಿ ಕೇಳಿ ಬರೆದು ನನಗೆ ಸಾಕುಸಾಕಾಗಿತ್ತು.

ಆಗ ಕಚೇರಿಯ ಗೆಳತಿಯೊಬ್ಬಳು ಒಂದು ವೆಬ್‌ಸೈಟ್ ತೋರಿಸಿದಳು. ವಿಡಿಯೊದ ಲಿಂಕ್ ಹಾಕಿದರೆ ಸಾಕು, ಮಾತೆಲ್ಲ ಅಕ್ಷರವಾಗಿ ಬರುತ್ತದೆ. ತಿಂಗಳ ಚಂದಾ ಇಲ್ಲ, ಬಳಸಿದಷ್ಟು ನಿಮಿಷಕ್ಕೆ ಕೊಟ್ಟರಾಯಿತು. ಕನ್ನಡ ಮಾತ್ರ ಅದಕ್ಕೆ ಅಷ್ಟಕ್ಕಷ್ಟೇ. ಅಧ್ಯಕ್ಷರ ಸ್ವಾಗತ ಭಾಷಣವನ್ನು ಅದು ಬರೆದ ಪರಿ ಕಂಡು ಸಮಿತಿಯವರೆಲ್ಲ ಬಿದ್ದುಬಿದ್ದು ನಕ್ಕಿದ್ದರು. ನಾನು ತಿದ್ದಿ ಕಳಿಸುತ್ತಿದ್ದೆ.

ಆ ಭಾನುವಾರ ಚಹಾಕ್ಕೆ ಎದ್ದಾಗ ಕ್ಯಾಮೆರಾ ಆರಿಸುವುದನ್ನು ಮರೆತೆವು. ನೀವು ಮೈಕಿನ ಪಕ್ಕದಲ್ಲೇ ನಿಂತು ಖಜಾಂಚಿಯವರ ಹೆಂಡತಿಗೆ ಹೇಳಿದಿರಿ: "ಕಿವಿ ಕೇಳೋದು ಭಾಳ ಕಡಿಮಿ ಆಗೇದ್ರಿ. ಹುಡುಗರ ತುಟಿ ನೋಡಿ ಪಾಠ ಹೇಳ್ತೀನಿ. ಯಾರಿಗೂ ಹೇಳಬ್ಯಾಡ್ರಿ, ಕ್ಲಾಸ್ ಬಿಡಸ್ತಾರ." ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡಿದ್ದಿರಿ. ನಿಮ್ಮ ದನಿ ಎಷ್ಟು ದೊಡ್ಡದೆಂದು ನಿಮಗೇ ಕೇಳಿಸುತ್ತಿರಲಿಲ್ಲವಲ್ಲ — ಆ ಗದ್ದಲದಲ್ಲಿ ಜನ ಗಮನಿಸಲಿಲ್ಲ, ಮೈಕು ಎಲ್ಲವನ್ನೂ ಹಿಡಿಯಿತು.

ಯಾಕೆ ಮಾಡಿದೆ? ನನ್ನ ಮಗಳು ಪೂರ್ವಿ ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ ಕೊಡುವವಳು. ನನ್ನ ಕುಂದಾಪುರದ ಮಾತು ಅವಳಿಗೆ ನಗೆಪಾಟಲು. ನಿಮ್ಮ ತರಗತಿಗೆ ಸೇರಿ ಆರು ತಿಂಗಳಾಗಿರಬೇಕು, ತಟ್ಟೆಯ ಮುಂದೆ ಕೂತವಳು "ಅವ್ವಾ, ನೀನೂ ಉಣ್ಣಾಕ ಬಾ" ಅಂದಳು, ಥೇಟ್ ನಿಮ್ಮ ಧಾಟಿಯಲ್ಲೇ. ಸಂತೋಷಪಡಬೇಕಿತ್ತು. ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಹೆತ್ತವಳು ಇಷ್ಟು ವರ್ಷ ಹೆಣಗಿದರೂ ಒಲಿಯದ ಭಾಷೆ, ವಿಜಯಪುರದಿಂದ ಬಂದ, ಗಂಡ ಗೋದಾಮಿನಲ್ಲಿ ಮೂಟೆ ಹೊರುವ ಈ ಹೆಂಗಸಿಗೆ — ಹೌದು, ಯೋಚನೆ ಬಂದದ್ದು ಹೀಗೆಯೇ. ಬಣ್ಣ ಹಚ್ಚಲಾರೆ.

ಆ ಸಾಲುಗಳ ಮೇಲಿದ್ದ ಬಟಾಟೆವಡೆಯ ಮಾತನ್ನು ಅಳಿಸಿದೆ. ಕೆಳಗಿದ್ದ ಲೋಕಲ್ ಗಾಡಿಯ ಮಾತನ್ನೂ ಅಳಿಸಿದೆ. ನಿಮ್ಮ ಆ ಎರಡು ಸಾಲನ್ನು ಮಾತ್ರ ಉಳಿಸಿದೆ. ಕಳಿಸುವ ಮುಂಚೆ ಎಷ್ಟೋ ಹೊತ್ತು ಕೂತಿದ್ದೆ — ತೆಗೆದುಬಿಡೋಣ, ಒಂದು ಕ್ಷಣದ ಕೆಲಸ... ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಒತ್ತಿಬಿಟ್ಟೆ.

ಮುಂದಿನ ವಾರ ತುರ್ತು ಸಭೆ. ಅಧ್ಯಕ್ಷರು ಕಾಗದ ಹಿಡಿದು ನನ್ನತ್ತ ತಿರುಗಿದರು. "ಇದು ಇದರಲ್ಲಿ ಹೇಗೆ ಬಂತು ಮಾರಾಯ್ರೆ?"

"ಸಾಫ್ಟ್‌ವೇರ್ ಅಲ್ವಾ ಸರ್, ಅದಕ್ಕೆಂತ ಗೊತ್ತಾಗ್ತದೆ? ನಾನು ಆ ಪುಟ ನೋಡ್ಲೇ ಇಲ್ಲ."

ನೀವು ಎದುರಿಗೆ ಕೂತು ನನ್ನ ತುಟಿಯನ್ನೇ ನೋಡುತ್ತಿದ್ದಿರಿ. ಆಮೇಲೆ ಎದ್ದು ಬಂದು ನನ್ನ ಕೈ ಹಿಡಿದಿರಿ. "ಮಷೀನ್ ಮಾಡಿದ್ದಕ್ಕ ನೀವ್ಯಾಕ ಅಳ್ತೀರಿ ಅಕ್ಕಾರ, ಬಿಡ್ರಿ." ನಾನು ಅಳುತ್ತಿದ್ದುದು ಸಿಕ್ಕಿಬೀಳುವ ಹೆದರಿಕೆಗೆ, ಟೀಚರ್. ನಿಮಗಾಗಿ ಅಲ್ಲ.

ಶಾಲು ಹೊದಿಸಿ, ಹಾರ ಹಾಕಿ, ಸನ್ಮಾನದ ಹೆಸರಿನಲ್ಲಿ ನಿಮ್ಮನ್ನು ಮನೆಗೆ ಕಳಿಸಿದರು. ನಾನೂ ಚಪ್ಪಾಳೆ ತಟ್ಟಿದೆ. ಹೊಸಬರು ಬಂದರು, ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟರು. ಪೂರ್ವಿಯೂ ಬಿಟ್ಟಳು, ಮತ್ತೆ ಹಿಂದಿಗೇ ಮರಳಿದಳು. ಮೊನ್ನೆ ಅವಳಿಗೆ ನಿಜ ಹೇಳಿದೆ. ದೊಡ್ಡವಳಾಗಿದ್ದಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ನನ್ನ ಮುಖ ನೋಡಿ, ಎದ್ದು ಒಳಗೆ ಹೋದಳು.

ಅವಳಿಗೂ ಹೇಳದ್ದು ಒಂದಿದೆ. ಯಂತ್ರ ನಿಮ್ಮ ಮಾತನ್ನು ಸರಿಯಾಗಿ ಬರೆದೇ ಇರಲಿಲ್ಲ. ವಿಜಯಪುರದ ಕನ್ನಡದ ತಲೆಬುಡ ತಿಳಿಯದೆ ಕಲಸುಮೇಲೋಗರ ಮಾಡಿಟ್ಟಿತ್ತು. ಹಾಗೆಯೇ ಕಳಿಸಿದ್ದರೆ ಯಾರಿಗೂ ಏನೂ ಅರ್ಥವಾಗುತ್ತಿರಲಿಲ್ಲ. ನೀವು ಇನ್ನೂ ಕೆಲವು ವರ್ಷ ಪಾಠ ಮಾಡುತ್ತಿದ್ದಿರಿ. ಇಯರ್‌ಫೋನ್ ಹಾಕಿಕೊಂಡು, ಮೂರು ಸಲ ಕೇಳಿ, ಒಂದೊಂದೇ ಪದ ತಿದ್ದಿ ನೇರ ಮಾಡಿದವಳು ನಾನು. ಅಷ್ಟು ಶ್ರದ್ಧೆಯಿಂದ ಆ ಸಂಘದ ಬೇರೆ ಯಾವ ಕೆಲಸವನ್ನೂ ಮಾಡಿದ್ದಿಲ್ಲ.

ನೀವೀಗ ಟಿಟ್ವಾಳಾದಲ್ಲಿ ಮಗನ ಮನೆಯಲ್ಲಿದ್ದೀರಿ, ಕಿವಿ ಪೂರ್ತಿ ಹೋಗಿದೆ, ಹೆಚ್ಚು ಮಾತಾಡುವುದಿಲ್ಲ ಎಂದು ಗೊತ್ತಾಯಿತು. ಫೋನಿನಲ್ಲಿ ಹೇಳುವ ಹಾಗಿಲ್ಲ. ಅದಕ್ಕೇ ಕೈಯಲ್ಲಿ ಬರೆದೆ. ಅಂಚೆಗೆ ಹಾಕುವುದಿಲ್ಲ, ಈ ಭಾನುವಾರ ನಾನೇ ತರುತ್ತೇನೆ. ನೀವು ಓದಿ ಮುಗಿಸುವ ತನಕ ಎದುರಿಗೆ ನಿಂತಿರುತ್ತೇನೆ. ಬಾಗಿಲು ಹಾಕಿಕೊಂಡರೂ ಸರಿಯೇ. ಆಮೇಲೆ ಇದನ್ನೇ ಸಂಘದ ಎಲ್ಲರಿಗೂ ಕಳಿಸುತ್ತೇನೆ. ಆದರೆ ಮೊದಲು ನೀವು ಓದಬೇಕು.