ಕಡೆಯ ಖೋಲಿಗೂ ನೆಟ್ ಮುಟ್ಟಿಸುವ ಸುಂದ್ರವ್ವ

ಮುಂಬೈನ ಪರೇಲ್‌ನಲ್ಲಿ, ಒಂದೊಂದೇ ಕೋಣೆಯ ಮನೆಗಳ ಹಳೆಯ ಚಾಳೊಂದರ ತಗಡಿನ ಛಾವಣಿ. ಇನ್ನೂ ಪೂರ್ತಿ ಬೆಳಕಾಗಿಲ್ಲ. ಕೆಳಗೆ ನಲ್ಲಿಗೆ ನೀರು ಬಂದಿದೆ. ಕೊಡಗಳ ಸದ್ದಿನ ನಡುವೆ ಯಾರೋ ಯಾರನ್ನೋ ಸಾಲು ತಪ್ಪಿಸಿ ಬಂದೆಯೆಂದು ಬೈಯುತ್ತಿದ್ದಾರೆ. ಮೇಲೆ ಸುಂದ್ರವ್ವ ಸೆರಗನ್ನು ಸೊಂಟಕ್ಕೆ ಬಿಗಿದು, ಹೆಗಲಿಗೆ ಕಪ್ಪು ತಂತಿಯ ಸುರುಳಿ ಏರಿಸಿಕೊಂಡು, ತಗಡಿನ ಮೇಲೆ ಮೊಳೆ ಹೊಡೆದ ಜಾಗ ನೋಡಿ ನೋಡಿ ಕಾಲಿಡುತ್ತಿದ್ದಾರೆ. ಮೊಳೆಯ ಕೆಳಗೆ ತೊಲೆ ಇರುತ್ತದೆ. ಅದನ್ನು ಬಿಟ್ಟು ಕಾಲಿಟ್ಟರೆ ಯಾರದೋ ಅಡುಗೆಮನೆಗೆ ಇಳಿಯಬೇಕಾಗುತ್ತದೆ.

“ಬಿಸಿಲೇರಿದ ಮ್ಯಾಲ ಈ ತಗಡಿನಾಗ ರೊಟ್ಟಿ ಬೇಯಿಸ್ಬಹುದು ರಿ. ಅದಕ್ಕ ನಾ ನಸುಕಿನಾಗ ಹತ್ತೀನಿ, ಬಿಸಿಲು ಬರೂದ್ರಾಗ ಇಳೀತೀನಿ,” ಎನ್ನುತ್ತಾರೆ. ಇಲಿ ಕಡಿದ ತಂತಿಯ ತುಂಡನ್ನು ಕತ್ತರಿಸಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಛಾವಣಿಯ ಮೇಲೆ ಕಸ ಬಿಟ್ಟು ಇಳಿಯುವುದು ಅವರ ಜಾಯಮಾನದಲ್ಲೇ ಇಲ್ಲ.

ನಮ್ಮ ಫೋನಿನಲ್ಲಿ ಚಿತ್ರ ತಿರುಗಿ ತಿರುಗಿ ನಿಂತುಬಿಟ್ಟರೆ ನಾವು ಕಂಪನಿಯನ್ನು ಬೈಯುತ್ತೇವೆ, ಮಳೆಯನ್ನು ಬೈಯುತ್ತೇವೆ. ಮತ್ತೆ ಓಡತೊಡಗಿದರೆ, ಯಾರು ಓಡಿಸಿದರು ಎಂದು ಕೇಳುವವರು ಎಷ್ಟು ಮಂದಿ? ಈ ಭಾಗದ ಚಾಳುಗಳಲ್ಲಿ ಓಡಿಸುವುದು ಸುಂದ್ರವ್ವ. ಇಲ್ಲಿನ ಹೆಂಗಸರ ಬಾಯಲ್ಲಿ ಅವರು ‘ನೆಟ್‌ವಾಲಿ’.

ಯಾದಗಿರಿ ಜಿಲ್ಲೆಯ ಶಹಾಪುರ ಕಡೆಯ ಸುಂದ್ರವ್ವ ಮುಂಬೈಗೆ ಬಂದದ್ದು ಮದುವೆಯಾದ ವರ್ಷ. ಗಂಡ ಭೀಮರಾಯ ಗೌಂಡಿ. ಅವರು ಇಟ್ಟಿಗೆ ಕಟ್ಟುವ ಕಟ್ಟಡಕ್ಕೇ ಇವರು ಬುಟ್ಟಿ ಹೊರುತ್ತಿದ್ದರು. ಪರೇಲ್‌ನಲ್ಲಿ ಮಿಲ್ಲುಗಳು ಹೋಗಿ ಗಾಜಿನ ಆಫೀಸುಗಳು ಎದ್ದ ಕಾಲ ಅದು. ಒಂದು ದಿನ ಭೀಮರಾಯ ಅಟ್ಟಣಿಗೆಯಿಂದ ಬಿದ್ದು ಕಾಲು ಮುರಿದುಕೊಂಡರು. ಮೂಳೆ ಕೂಡಿತು, ಆದರೆ ಏಣಿ ಹತ್ತುವ ಕಾಲಾಗಿ ಉಳಿಯಲಿಲ್ಲ. ಈಗ ಒಂದು ಬಿಲ್ಡಿಂಗಿನ ವಾಚ್‌ಮನ್. ಮಗಳು ಸೋನಾಲಿ ಆಗ ಬಾಲವಾಡಿಗೆ ಹೋಗುತ್ತಿದ್ದಳು. ಇಂದು ಕಾಲೇಜಿನಲ್ಲಿದ್ದಾಳೆ. ಮನೆಯ ಭಾರ ಅಂದಿನಿಂದ ಸುಂದ್ರವ್ವನ ಹೆಗಲಿಗೆ ಬಂದದ್ದು ಇಳಿದಿಲ್ಲ.

ಅವರನ್ನು ಈ ಕೆಲಸಕ್ಕೆ ಕರೆದವರು ಧನರಾಜ್. ಕಾರ್ಕಳ ಕಡೆಯವರು. ಅಪ್ಪ ದಾದರ್‌ನ ಹೋಟೆಲೊಂದರಲ್ಲಿ ದೋಸೆಕಲ್ಲಿನ ಮುಂದೆ ಆಯುಷ್ಯ ಕಳೆದವರು. ಮಗ ಟಿವಿ ಕೇಬಲ್ಲಿನಿಂದ ಶುರುಮಾಡಿ ಈಗ ಚಾಳುಗಳಿಗೆ ಇಂಟರ್‌ನೆಟ್ ಕೊಡುತ್ತಾರೆ. ಹಗಲಿನಲ್ಲಿ ಗಂಡಸರು ದುಡಿಮೆಗೆ ಹೋಗಿರುವಾಗ ಚಾಳಿನ ಹೆಂಗಸರು ಅವರ ಕೆಲಸದ ಹುಡುಗರನ್ನು ಒಳಗೆ ಬಿಡುತ್ತಿರಲಿಲ್ಲ. “ನಮ್ಮ ಹುಡುಗರಿಗೆ ಬಾಗಿಲಲ್ಲೇ ಮಂಗಳಾರತಿ ಆಗ್ತಿತ್ತು ಮಾರಾಯ್ರೆ. ಸುಂದ್ರಕ್ಕ ಹೋದ್ರೆ ಒಳಗೆ ಕರ್ದು ಚಾ ಕೊಡ್ತಾರೆ,” ಎಂದು ನಗುತ್ತಾರೆ ಧನರಾಜ್. ದಿನಕ್ಕೆ ಹತ್ತು ಹನ್ನೆರಡು ಮನೆ, ಅದಕ್ಕಿಂತ ಹೆಚ್ಚು ಮಾಳಿಗೆ, ಹಬ್ಬದ ದಿನವೂ ಫೋನು. ಮೊಣಕಾಲು ನೋಯುವುದಿಲ್ಲವೇ ಎಂದರೆ, “ನೋಯ್ತಾವ ರಿ. ನೋಯ್ಕೋತ ಹತ್ತತಾವ,” ಎಂಬ ಉತ್ತರ ಬರುತ್ತದೆ.

ಎಲ್ಲ ಹೀಗೆ ನಡೆಯುತ್ತಿದ್ದಾಗ ಹೊಸ ರೌಟರ್ ಬಂತು.

ದೊಡ್ಡ ಕಂಪನಿಯೊಂದು ಅದನ್ನು ಭರ್ಜರಿಯಾಗಿ ಘೋಷಿಸಿತು. ಕರಿ ಅಂಗಿಯವನೊಬ್ಬ ವೇದಿಕೆಯ ಮೇಲೆ ಅತ್ತಿಂದಿತ್ತ ನಡೆಯುತ್ತ ಇಂಗ್ಲಿಷಿನಲ್ಲಿ ಮಾತಾಡಿದ ವಿಡಿಯೊವನ್ನು ಸುಂದ್ರವ್ವ ಮಗಳ ಫೋನಿನಲ್ಲಿ ನೋಡಿದರು. ಸೋನಾಲಿ ತನಗೆ ಬಂದಷ್ಟು ಕನ್ನಡದಲ್ಲಿ ಅರ್ಥ ಹೇಳಿದಳು: “ಮಮ್ಮಿ, ಇದು ಒಂದು ಡಬ್ಬಿ ದೂಸ್ರೀ ಡಬ್ಬಿಗೆ ಸಿಗ್ನಲ್ ಕೊಡ್ತದ, ಅದು ಮುಂದಿಂದಕ್ಕೆ. ಔರ್... ಖರಾಬ್ ಆದ್ರೆ ಅಪ್ನೇ ಆಪ್ ಠೀಕ್ ಆಗ್ತದ. ತನಗೇನಾಯ್ತು ಅಂತ ಆಫೀಸಿಗೆ ತಾನೇ ಹೇಳ್ತದ. ಮತ್ಲಬ್, ಮನೆಗೆ ಯಾರೂ ಬರೋ ಜರೂರತ್ ಇಲ್ಲ.”

ಹೇಳಿ ಮುಗಿಸಿದ ಮೇಲೆ ಸೋನಾಲಿಗೆ ತಾನೇನು ಹೇಳಿದೆ ಎಂಬುದು ಹೊಳೆಯಿತು. ಫೋನು ಕೆಳಗಿಟ್ಟಳು.

ಧನರಾಜ್ ಮುಚ್ಚುಮರೆ ಮಾಡಲಿಲ್ಲ. ಕಂಪನಿ ಈ ಡಬ್ಬಿಗಳನ್ನು ಮೊದಲು ಪರೇಲ್‌ನ ಈ ಚಾಳಿನ ಮೂರನೇ ಮಾಳಿಗೆಯಲ್ಲಿ ಇಟ್ಟು ನೋಡುತ್ತದೆ. ಜನ ಏನನ್ನುತ್ತಾರೆ ಎಂಬುದನ್ನು ವಿಡಿಯೊ ಮಾಡಿ ಕಳಿಸಬೇಕು. ಜನ ಒಪ್ಪಿದರೆ ಧನರಾಜ್ ಎಲ್ಲ ಚಾಳುಗಳಿಗೂ ಇದನ್ನೇ ಹಾಕುತ್ತಾರೆ. ಆಗ ಮನೆಮನೆಗೆ ಓಡುವವರು ಇಷ್ಟು ಜನ ಬೇಕಾಗುವುದಿಲ್ಲ. ಡಬ್ಬಿ ಇಡುವುದು, ವಿಡಿಯೊ ತೆಗೆಯುವುದು ಎರಡೂ ಸುಂದ್ರವ್ವನದೇ ಕೆಲಸ. ಕೊಡಲಿ ಕಾವು ಕುಲಕ್ಕೆ ಮೂಲ ಎಂಬ ಗಾದೆ ಅವರಿಗೂ ಗೊತ್ತು. ಆದರೂ ಚೀಲದಲ್ಲಿ ಡಬ್ಬಿ ತುಂಬಿಕೊಂಡು ಮೆಟ್ಟಿಲು ಹತ್ತಿದರು.

ಜನ ಏನಂದರು ಎನ್ನುವುದೇ ಒಂದು ಪುರಾಣ. ಹಳೆಯ ರೌಟರಿಗೆ ಆಂಟೆನಾದ ನಾಲ್ಕು ಕೊಂಬಿದ್ದವು. ಅದು ಪಡಸಾಲೆಯ ಗೋಡೆಯ ಮೇಲೆ ತೂಗಿಕೊಂಡು ನಾಲ್ಕೈದು ಮನೆಗಳಿಗೆ ಒಂದೇ ಆಗಿ ದುಡಿಯುತ್ತಿತ್ತು. ಹೊಸದಕ್ಕೆ ಕೊಂಬೇ ಇಲ್ಲ. ನುಣ್ಣಗೆ, ಬೆಳ್ಳಗೆ, ಸಾಬೂನಿನ ಪೆಟ್ಟಿಗೆಯ ಹಾಗೆ. “ಕೊಂಬಿಲ್ಲದ್ದು ಏನು ಹಾಯ್ತದ?” ಎಂದರು ಒಬ್ಬರು. ಮನೆಯಲ್ಲೇ ಹೊಲಿಗೆ ಮಾಡುವ ಸೇವಂತಿ, “ಲೈಟು ಜಾಸ್ತಿ ಆಯ್ತು, ಕೂಸು ಮಲಗವಲ್ದು,” ಎಂದು ನೀಲಿ ದೀಪದ ಮೇಲೆ ರವಿಕೆಯ ತುಂಡೊಂದನ್ನು ಅಂಟಿಸಿದರು. ಇಷ್ಟು ಸಣ್ಣದಕ್ಕೆ ಅಷ್ಟು ದೊಡ್ಡ ಜಾಹೀರಾತೇ ಎಂದು ಮೂಗು ಮುರಿದವರೂ ಇದ್ದರು. ಆದರೆ ಎರಡೇ ದಿನಕ್ಕೆ ಎಲ್ಲರ ಮಾತೂ ಬದಲಾಯಿತು. ನೆಟ್ ನೀರಿನ ಹಾಗೆ ಹರಿಯುತ್ತಿತ್ತು.

ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಕಡೆಯ ಖೋಲಿಯ, ಆ ಸಾಲಿನ ತುದಿಯ ಒಂಟಿ ಕೋಣೆಯ, ರುಕ್ಮಿಣಿಬಾಯಿ. ಅಕ್ಕಲಕೋಟೆ ಕಡೆಯವರು, ಮಿಲ್ ಕಾರ್ಮಿಕನ ಹೆಂಡತಿಯಾಗಿ ಬಂದವರು. ಕನ್ನಡ, ಮರಾಠಿ ಎರಡನ್ನೂ ಕಲಸಿ ಮಾತಾಡುತ್ತಾರೆ. ಆ ಮಾಳಿಗೆಗೆ ಅವರೇ ಹಿರಿಯರು. ಅವರು ಮಾಡಿದ್ದನ್ನು ಅಕ್ಕಪಕ್ಕದವರು ಮಾಡುತ್ತಾರೆ. ಬೆಳಗಿನ ಜಾವ ಫೋನಿನಲ್ಲಿ ಪಂಢರಪುರದ ವಿಠ್ಠಲನ ದರ್ಶನ ನೋಡುವುದು ಅವರ ನೇಮ. ಹಳೆಯ ರೌಟರಿನ ಸಿಗ್ನಲ್ ಅವರ ಖೋಲಿಯ ದಪ್ಪ ಗೋಡೆ ದಾಟುತ್ತಿರಲಿಲ್ಲ. ನೋಯುವ ಕಾಲೆಳೆದುಕೊಂಡು ಮೆಟ್ಟಿಲ ತುದಿಗೆ ಹೋಗಿ, ಕೊಡ ಹೊತ್ತವರಿಗೆ ದಾರಿ ಬಿಡುತ್ತ ನಿಂತು ನೋಡಬೇಕಿತ್ತು. ಈಗ ಚಾಪೆಯ ಮೇಲೆ ಕೂತು ನೋಡುತ್ತಾರೆ. “ವಿಠೋಬಾನೇ ಖೋಲಿಗಿ ಬಂದ ನೋಡ ಸುಂದ್ರಾ,” ಎಂದು ಮೊದಲ ದಿನ ಅತ್ತೇಬಿಟ್ಟರಂತೆ.

ಹೀಗಿರುವಾಗ ಧನರಾಜ್ ಅವರ ಆಫೀಸಿನ ಕಂಪ್ಯೂಟರ್ ಪರದೆಯಲ್ಲಿ ಕೆಂಪು ಗುರುತು ಬಂತು. ರುಕ್ಮಿಣಿಬಾಯಿಯ ಮನೆಯದೂ ಅಕ್ಕಪಕ್ಕದ ಮನೆಗಳದೂ ಡಬ್ಬಿಗಳು ಪ್ರತಿ ರಾತ್ರಿ ಸಾಯುತ್ತಿವೆ, ನಸುಕಿಗೆ ಬದುಕುತ್ತಿವೆ. ಧನರಾಜ್ ಮನೆಗಳಿಗೆ ಫೋನು ಮಾಡಿದರೆ, ತೊಂದರೆ ಏನೂ ಇಲ್ಲ ಎಂದರು ಎಲ್ಲರೂ. ಆ ತುದಿಯ ಮನೆಗಳಲ್ಲಿ ಇರುವವರೆಲ್ಲ ಹೊತ್ತಿಗೆ ಮುಂಚೆ ಮಲಗುವ ಮುದುಕರು, ಅವರಿಗೆ ರಾತ್ರಿಯ ನೆಟ್ಟಿನ ಗೊಡವೆ ಯಾಕೆ? ಕಂಪನಿಯವರು ಲೆಕ್ಕ ಹಾಕಿ, ಕರೆಂಟು ಕೊಡುವ ಅಡಾಪ್ಟರಿನಲ್ಲೇ ದೋಷವಿದೆ, ಡಬ್ಬಿಗಳನ್ನೆಲ್ಲ ವಾಪಸ್ ತೆಗೆದುಕೊಳ್ಳುತ್ತೇವೆ ಎಂದರು. ಹಳೆಯ ಕೊಂಬಿನ ರೌಟರೇ ಗತಿ.

“ನಿಮ್ಮ ಕೆಲಸಕ್ಕೆ ಇನ್ನು ಭಯ ಇಲ್ಲ ಸುಂದ್ರಕ್ಕ,” ಎಂದರು ಧನರಾಜ್. ಸುಂದ್ರವ್ವ ಅಂದು ಮನೆಗೆ ಹೋಗುವಾಗ ಜಿಲೇಬಿ ಕಟ್ಟಿಸಿಕೊಂಡರು. ಸಂತೋಷವಾಗಿತ್ತು ಎಂದು ಒಪ್ಪಿಕೊಳ್ಳಲು ಅವರಿಗೆ ನಾಚಿಕೆಯಿಲ್ಲ.

ಮರುದಿನ ಡಬ್ಬಿ ಕೀಳುವ ಮುಂಚೆ ಒಮ್ಮೆ ನೋಡೋಣವೆಂದು ನಸುಕಿನಲ್ಲೇ ಕಡೆಯ ಖೋಲಿಗೆ ಹೋದರು. ರುಕ್ಮಿಣಿಬಾಯಿ ಸ್ನಾನ ಮುಗಿಸಿ, ದೇವರ ಗೂಡಿನ ಪುಟ್ಟ ಪರದೆ ಸರಿಸಿ, ಗೋಡೆಯ ಸ್ವಿಚ್ಚು ಒತ್ತಿದರು. ದೇವರ ಮುಂದಿನ ದೀಪ ಹತ್ತಿತು. ವಿಠ್ಠಲನ ಎಡಕ್ಕೆ, ಕುಂಕುಮ ಹಚ್ಚಿಸಿಕೊಂಡು, ಹೂ ಮುಡಿಸಿಕೊಂಡು ಕೂತಿದ್ದ ರೌಟರಿನ ದೀಪವೂ ಹತ್ತಿತು.

ಸುಂದ್ರವ್ವ ಡಬ್ಬಿ ಇಟ್ಟದ್ದು ಬಾಗಿಲ ಮೇಲಿನ ಹಲಗೆಯಲ್ಲಿ. ಆದರೆ ದೇವರನ್ನು ತೋರಿಸುವ, ಇಷ್ಟು ಚೆಂದದ ಬಿಳಿ ಡಬ್ಬಿಯನ್ನು ಚಪ್ಪಲಿ ಬಿಡುವ ಜಾಗದ ನೆತ್ತಿಯ ಮೇಲೆ ಇಡಲು ರುಕ್ಮಿಣಿಬಾಯಿಗೆ ಮನಸ್ಸು ಒಪ್ಪಲಿಲ್ಲ. ಕೊಂಬಿದ್ದರೆ ಗೂಡಿಗೆ ಹಿಡಿಸುತ್ತಿರಲಿಲ್ಲ. ಇದು ಹೇಳಿ ಮಾಡಿಸಿದ ಹಾಗೆ ಕೂತಿತು. ಸಂಜೆ ಆರತಿಯಾದ ಮೇಲೆ ದೇವರು ಮಲಗಬೇಕು. ಪಕ್ಕದಲ್ಲಿ ನೀಲಿ ದೀಪ ಉರಿಯುತ್ತಿದ್ದರೆ ಯಾವ ದೇವರಿಗೆ ನಿದ್ದೆ ಬಂದೀತು? ಎರಡಕ್ಕೂ ಇರುವುದು ಒಂದೇ ಸ್ವಿಚ್ಚು. ಹಾಗಾಗಿ ವಿಠ್ಠಲನ ಜೊತೆ ರೌಟರೂ ಮಲಗುತ್ತಿತ್ತು. ಹಿರಿಯರು ಮಾಡಿದ್ದನ್ನು ನೋಡಿ ಅಕ್ಕಪಕ್ಕದ ಮನೆಯವರೂ ಹಾಗೇ ಮಾಡಿದ್ದರು.

ಡಬ್ಬಿಗೆ ಯಾವ ರೋಗವೂ ಇರಲಿಲ್ಲ. ಅದು ಆ ಮುಂಜಾನೆ ಸುಂದ್ರವ್ವ ಒಬ್ಬರಿಗೇ ಗೊತ್ತಿತ್ತು. ಸುಮ್ಮನೆ ಡಬ್ಬಿ ಕಿತ್ತು ಚೀಲಕ್ಕೆ ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ.

“ಅವತ್ತು ಕೀಳಲಿಲ್ಲ. ಹೇಳಲೂ ಇಲ್ಲ. ಎರಡು ದಿನ ಊಟ ರುಚಿಸಲಿಲ್ಲ ರಿ,” ಎನ್ನುತ್ತಾರೆ. “ಸೋನಾಲಿ ಕಾಲೇಜು ಕಣ್ಣಿಗೆ ಬರ್ತಿತ್ತು. ರುಕ್ಮಿಣಿ ಆಜಿ ಮೆಟ್ಟಿಲದಾಗ ನಿಲ್ಲೂದೂ ಕಣ್ಣಿಗೆ ಬರ್ತಿತ್ತು. ನಾ ಸುಮ್ಮ ಇದ್ರ ಆಕಿ ದೇವ್ರನ್ನ ನಾನ ಕಸಗೊಂಡಂಗ ಆಗ್ತದ. ಆ ಪಾಪ ಎಲ್ಲಿ ತೊಳೀಲಿ?”

ಮೂರನೇ ದಿನ ಆಫೀಸಿಗೆ ಹೋಗಿ ಧನರಾಜ್ ಮುಂದೆ ನಿಂತು ಹೇಳಿದರು: “ಶೇಟ್ರ, ಡಬ್ಬಿ ಚಲೋ ಅದ. ರಾತ್ರಿ ದೇವ್ರು ಮಲಗ್ತಾನ, ಅದಕ್ಕ ಬಂದ್ ಮಾಡ್ತಾರ.”

ಧನರಾಜ್ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ನಿಂತಿತು. “ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೊಂಡ್ರಲ್ಲ ಮಾರಾಯ್ತಿ! ಹೇಳದಿದ್ರೆ ಯಾರಿಗೆ ಗೊತ್ತಾಗ್ತಿತ್ತು?”

“ನನಗ ಗೊತ್ತಿತ್ತಲ್ರಿ,” ಎಂದರಂತೆ ಸುಂದ್ರವ್ವ.

ಆ ಭಾನುವಾರ ತಾಯಿ ಮಗಳು ಇಬ್ಬರೂ ಚಾಳಿಗೆ ಹೋದರು. ತಾಯಿ ರೌಟರಿಗೆ ಬೇರೆ ಪ್ಲಗ್ಗು ಹಾಕಿಸಿದರು. ಮಗಳು ಫೋನಿನಲ್ಲೇ ಆ ನೀಲಿ ದೀಪಕ್ಕೆ ಹೊತ್ತು ಗೊತ್ತುಮಾಡಿದಳು. ಆರತಿಯಾದ ಮೇಲೆ ಆರಬೇಕು, ನಸುಕಿಗೆ ಹತ್ತಬೇಕು. ಡಬ್ಬಿ ಮಾತ್ರ ರಾತ್ರಿಯೆಲ್ಲ ಎಚ್ಚರ. ಅಂಥ ಸೌಲಭ್ಯ ಅದರಲ್ಲಿ ಮೊದಲೇ ಇತ್ತು, ಬಳಸುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಕೆಲಸದ ನಡುವೆ ಸೋನಾಲಿ, ಈ ಡಬ್ಬಿಯಿಂದ ಮಮ್ಮಿಯ ಕೆಲಸ ಹೋಗಬಹುದು ಎಂದು ರುಕ್ಮಿಣಿಬಾಯಿಯ ಮುಂದೆ ಬಾಯಿಬಿಟ್ಟಳು. ಅಭಿಪ್ರಾಯದ ವಿಡಿಯೊಗೆ ಸುಂದ್ರವ್ವ ಫೋನು ಹಿಡಿದಾಗ ರುಕ್ಮಿಣಿಬಾಯಿ ತಲೆಯ ಮೇಲೆ ಸೆರಗು ಹೊದ್ದು ನೆಟ್ಟಗೆ ಕೂತರು.

“ಡಬ್ಬಿ ಛಾನ್ ಅದ. ಪೈಕೀಚ್ಯಾ ಪೈಕಿ, ಪೂರಾ ಮಾರ್ಕು. ಆದ್ರ ಮನಿಗಿ ಯಾರೂ ಬರೂ ಜರೂರ್ ಇಲ್ಲ ಅಂತ ಹೇಳೀರಂತ. ಯಾರ್ನ ಕೇಳಿ ಹೇಳಿದ್ರಿ? ಬರಬ್ಯಾಡ್ರಿ ಅಂತ ನಾವು ಅಂದೇವೇನು? ಈ ಪೋರಿ ಸುಂದ್ರಾ ಬರಬೇಕು. ಇಲ್ಲಂದ್ರ ಡಬ್ಬೀನೂ ಬ್ಯಾಡ, ಒಯ್ರಿ.”

ಸುಂದ್ರವ್ವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಮಾತು ಕತ್ತರಿಸಿ ಕಳಿಸು ಎಂದು ಮಗಳಿಗೆ ಹೇಳಿದರು. ಮಗಳು ತಲೆಯಾಡಿಸಿ, ಒಂದಕ್ಷರ ಕತ್ತರಿಸದೆ ಕಳಿಸಿದಳು.

ಕಂಪನಿಯವರು ವಿಡಿಯೊ ನೋಡಿದರು. ಡಬ್ಬಿಗಳು ಉಳಿದವು. ಸುಂದ್ರವ್ವನೂ ಉಳಿದರು. ಡಬ್ಬಿ ಇಡುವ ಮುಂಚೆ ಮನೆಮನೆಗೆ ಹೋಗಿ, ಅದು ಎಲ್ಲಿ ಕೂರುತ್ತದೆ, ಮನೆಯವರ ದಿನಚರಿ ಏನು ಎಂದು ನೋಡಿ ಬರುವುದೂ ಈಗ ಅವರ ಕೆಲಸ. ಪರೇಲ್ ಮುಗಿದ ಮೇಲೆ ಬೈಕುಲ್ಲಾ. ಇದು ಎಷ್ಟು ಕಾಲ ನಡೆದೀತು ಎಂದರೆ ಧನರಾಜ್ ಬೆಣ್ಣೆ ಹಚ್ಚುವ ಮಾತಾಡುವುದಿಲ್ಲ. “ಬೈಕುಲ್ಲಾ ಆಗುವವರೆಗೆ ಚಿಂತೆ ಇಲ್ಲ. ಆಮೇಲೆ ಎಂತದಾದ್ರೂ ಹುಡುಕುವ. ಇಂಥವರನ್ನು ಬಿಡ್ಲಿಕ್ಕೆ ಆಗ್ತದಾ?”

ಬೈಕುಲ್ಲಾದ ಹೆಸರು ಬಂದಾಗ ಸುಂದ್ರವ್ವನ ಮುಖ ಅರಳುತ್ತದೆ. ಅವರ ಸ್ವಂತ ಮನೆ ಇರುವುದು ಅಲ್ಲೇ, ಒಂದು ಚಾಳಿನ ಕಡೆಯ ಖೋಲಿಯಲ್ಲಿ. ಊರೆಲ್ಲ ನೆಟ್ ಹಂಚುವವರ ಮನೆಯಲ್ಲೇ ಸಿಗ್ನಲ್ ನಿಲ್ಲುವುದಿಲ್ಲ. ಭೀಮರಾಯ ಊರಿನ ಅಣ್ಣತಮ್ಮಂದಿರ ಮುಖ ನೋಡಿ ಮಾತಾಡಬೇಕೆಂದರೆ ಕುಂಟುತ್ತ ಪಡಸಾಲೆಗೆ ಬರುತ್ತಾರೆ. ಮುಂದಿನ ತಿಂಗಳು ಹೊಸ ಡಬ್ಬಿ ಆ ಖೋಲಿಗೂ ಹೋಗಲಿದೆ. ಅದೊಂದು ಆದರೆ ಸಾಕು ಎನ್ನುತ್ತಾರೆ ಸುಂದ್ರವ್ವ, ಬೇರೆ ಆಸೆಯೇನೂ ಇಲ್ಲ.

ಚಾಳಿನ ಎಲ್ಲರ ಅಭಿಪ್ರಾಯವನ್ನೂ ಅವರು ಹಿಡಿದು ಕಳಿಸಿದರು. ಅವರ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕೇಳಿದರೆ, ತಂತಿಯ ಸುರುಳಿ ಹೆಗಲಿಗೇರಿಸುತ್ತ ಹೇಳುತ್ತಾರೆ.

“ಚಲೋ ಅದ ರಿ ಡಬ್ಬಿ. ಸುಳ್ಯಾಕ ಹೇಳ್ಲಿ. ತನಗೇನಾಗ್ಯಾದ ಅಂತ ತಾನ ಹೇಳ್ತದ ಅಂದಿದ್ರು.” ನಗುತ್ತಾರೆ. “ಆದ್ರ ಅದಕ್ಕ ಏನೂ ಆಗಿಲ್ಲ ಅಂತ ಹೇಳ್ದಾಕಿ ನಾನ ರಿ.”