ಅಣ್ಣನ ಹೆಸರಿನ ಕಾರು

ಹೊಳಲ್ಕೆರೆಯ ಟ್ಯಾಕ್ಸಿ ಜಂಪಣ್ಣನ ನೆನಪಾದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಹಿಂದೆಯೇ ಸುಸ್ತೂ ಆಗುತ್ತದೆ. ಚಿತ್ರದುರ್ಗದಲ್ಲಿ ವಿಮೆ ಏಜೆಂಟನಾಗಿ ಎಷ್ಟೋ ಜನರ ಅರ್ಜಿ ತುಂಬಿದ್ದೇನೆ. ಅವನಷ್ಟು ನನ್ನ ಜೀವ ತಿಂದವನು ಇನ್ನೊಬ್ಬನಿಲ್ಲ.

ಅರವತ್ನಾಲ್ಕನೇ ಇಸವಿಯಲ್ಲಿ ಅವನು ತನ್ನ ಪಾಲಿನ ಕುರಿಗಳನ್ನೆಲ್ಲ ಮಾರಿ ಹಳೆಯ ಅಂಬಾಸಿಡರ್ ಕೊಂಡ. ಕೊಂಡವನು ಅದನ್ನು ತಾಳ್ಯದಲ್ಲಿದ್ದ ಅಣ್ಣ ದೊಡ್ಡತಿಮ್ಮಪ್ಪನ ಹೆಸರಿಗೆ ಮಾಡಿಸಿದ. ಅಪ್ಪ ಇಲ್ಲದ ಮನೆ, ಅಣ್ಣನೇ ಯಜಮಾನ. ಅವನಿರುವಾಗ ತಮ್ಮ ತನ್ನ ಹೆಸರಿಗೆ ಮಾಡಿಸಿಕೊಂಡರೆ ಊರು ಏನಂದೀತು! ಕೊನೆಗೆ ಊರು ಅಂದದ್ದೇ ಬೇರೆ. ಜಂಪಣ್ಣನನ್ನು ‘ದೊಡ್ಡತಿಮ್ಮಪ್ಪನ ಡ್ರೈವರ್’ ಅಂದರು. ಅಣ್ಣ ಅಲ್ಲ ಅನ್ನಲಿಲ್ಲ, ಮೀಸೆ ತಿರುವಿಕೊಂಡ. ಜಂಪಣ್ಣನಿಗೆ ಹೊಟ್ಟೆ ಉರಿಯುತ್ತಿತ್ತು.

“ಹೆಸರು ಬದಲಾಯಿಸ್ಕಳಪ್ಪ,” ಎಂದು ಪ್ರತಿ ವರ್ಷ ನಾನು ಬಾಯಿ ಬಡಿದುಕೊಂಡೆ.

“ನಿನ್ನ ಹೆಸರು ತೆಗ್ಸು ಅಂತ ಅಣ್ಣನ್ನ ಯಾವ ಬಾಯಾಗೆ ಕೇಳ್ಲಿ ಸ್ವಾಮಿ? ಅವನಾಗೇ ಒಂದ್ಸಲ, ಇದು ನಮ್ ತಮ್ಮಂದು ಅಂದ್ರೆ ಸಾಕು,” ಅನ್ನುತ್ತಿದ್ದ. ಆಮೇಲೆ ಆ ವರ್ಷದ ವಿಮೆ ಅರ್ಜಿ ಹಿಡಿದು ತಾಳ್ಯಕ್ಕೆ ಹೋಗಿ ಅಣ್ಣನ ಹೆಬ್ಬೆಟ್ಟು ಒತ್ತಿಸಿಕೊಂಡು ಬರುತ್ತಿದ್ದ. ಹೀಗೆ ಹನ್ನೊಂದು ವರ್ಷ.

ಎಪ್ಪತ್ತೈದರಲ್ಲಿ ವಿಮೆ ಕಚೇರಿಗೆ ಹೊಸ ಸಾಹೇಬರು ಬಂದರು. ಮಾಲೀಕ ಖುದ್ದಾಗಿ ಬಂದು ತಮ್ಮೆದುರೇ ಹೆಬ್ಬೆಟ್ಟು ಒತ್ತಬೇಕು ಅಂದರು. ಹಳೆಯ ವಿಮೆ ಅಂದೇ ಮುಗಿಯುತ್ತಿತ್ತು. ಮರುದಿನದಿಂದ ಸಾಲಾಗಿ ಮದುವೆ ಬಾಡಿಗೆಗಳು. ವಿಮೆಯಿಲ್ಲದೆ ಗಾಡಿ ರಸ್ತೆಗಿಳಿಸುವಂತಿಲ್ಲ, ಇಳಿಸದಿದ್ದರೆ ಜಂಪಣ್ಣನ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅಣ್ಣನನ್ನು ಕಾರಿನಲ್ಲೇ ಕೂರಿಸಿಕೊಂಡು ದುರ್ಗಕ್ಕೆ ಬಂದ. ನಾನು ಬಾಗಿಲಲ್ಲೇ ಮುದುಕನನ್ನು ತಡೆದು ಹೇಳಿಕೊಟ್ಟೆ.

“ಯಜಮಾನ್ರೇ, ಕಾರು ಯಾರ್ದು ಅಂದ್ರೆ ನಂದು ಅನ್ರಿ. ಬೇರೆ ಏನೂ ಮಾತಾಡಬ್ಯಾಡ್ರಿ.”

“ಆತು ಬಿಡ್ರಿ,” ಅಂದ.

ಸಾಹೇಬರು ಕಾಗದ ತಿರುವಿ ಹಾಕಿ ಕೇಳಿದರು. “ಕಾರು ನಿಮ್ಮದೇ ಏನ್ರಿ?”

ದೊಡ್ಡತಿಮ್ಮಪ್ಪ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡ. ತಮ್ಮನ ಮುಖ ನೋಡಿದ. “ನಂದೆಲ್ಲೈತೆ ಸ್ವಾಮಿ? ಇವನು ಕುರಿ ಮಾರಿ ತಗಂಡಿದ್ದು. ನಮ್ ತಮ್ಮಂದು. ಹೆಸರು ಮಾತ್ರ ನಂದು.”

ಸಾಹೇಬರು ಅರ್ಜಿಯನ್ನು ಮಡಚಿ ವಾಪಸ್ಸು ಕೊಟ್ಟರು. “ಹಾಗಾದರೆ ಮೊದಲು ಹೆಸರು ವರ್ಗಾವಣೆ ಮಾಡಿಸಿಕೊಂಡು ಬನ್ನಿ.”

ಹೊರಗೆ ಬಂದು ಕೂಗಾಡಿದೆ. “ಇವತ್ತೇ ಬಾಯಿ ಬಿಡಬೇಕಾಗಿತ್ತೇನ್ರಿ? ಹೆಸರು ಬದಲಾಗಾಕೆ ಒಂದು ತಿಂಗಳು ಬೇಕು! ಅಷ್ಟರಾಗೆ ಮದುವೆ ಕಾಲ ಮುಗಿದು ಹೋಗುತ್ತೆ!”

“ಇಷ್ಟು ವರ್ಷ ಎಲ್ಲಿ ಒತ್ತು ಅಂದ್ರೆ ಅಲ್ಲಿ ಒತ್ತಿದೆ ಸ್ವಾಮಿ,” ಎಂದ ದೊಡ್ಡತಿಮ್ಮಪ್ಪ. “ತಮ್ಮನ ಎದುರಿಗೆ, ಬಾಯಿಬಿಟ್ಟು ನಂದು ಅನ್ನಾಕೆ ಆಗ್ಲಿಲ್ಲ.”

ಜಂಪಣ್ಣ ಮೆಟ್ಟಿಲ ಮೇಲೆ ಕುಸಿದು ಕೂತಿದ್ದ. ಅಣ್ಣನ ಮೇಲೆ ಹರಿಹಾಯುತ್ತಾನೆ ಅಂದುಕೊಂಡೆ. ನೋಡಿದರೆ ಟವೆಲಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಾನೆ.

“ಬೈಬ್ಯಾಡ್ರಿ ಸ್ವಾಮಿ. ನೀವೂ ಕೇಳಿಸ್ಕಂಡ್ರಲ್ಲ? ನಮ್ ತಮ್ಮಂದು ಅಂದ.”

“ಕೇಳಿಸ್ಕಂಡೆ ಕಣಪ್ಪ, ಕೇಳಿಸ್ಕಂಡೆ,” ಎಂದು ಗೊಣಗುತ್ತ ಪಕ್ಕದಲ್ಲಿ ಕೂತು, ವರ್ಗಾವಣೆ ಅರ್ಜಿ ಬರೆಯತೊಡಗಿದೆ.