ನಮ್ಮ ಎಮ್ಮೆಯ ಮೇಲೆ ನಾನು ಹೊರಿಸಿದ ಅಪವಾದ

ಮಂಜೂರಾಯಿತು! ನನ್ನ ಮೊಮ್ಮಗಳ ಕಾಲಿನ ಎರಡನೆಯ ಆಪರೇಷನ್ನಿಗೆ ವಿಮಾ ಕಂಪನಿಯೇ ದುಡ್ಡು ಕೊಡಬೇಕೆಂದು ನಿನ್ನೆ ಯಾದಗಿರಿಯ ಕೋರ್ಟಿನಲ್ಲಿ ಆದೇಶವಾಯಿತು. ನಮ್ಮ ವಕೀಲಮ್ಮ ಹೊರಗೆ ಬಂದು ಹೇಳಿದ್ದೇ ತಡ, ಆಕೆಯ ಕರಿ ಕೋಟಿನ ಮೇಲೆಯೇ ಕೈಯಾಡಿಸಿ ಲಟಿಕೆ ಮುರಿದು ದೃಷ್ಟಿ ತೆಗೆದೆ. ಬಸ್ ನಿಲ್ದಾಣದಲ್ಲಿ ಗುರುತಿಲ್ಲದವರಿಗೂ ಪೇಢಾ ಹಂಚಿದೆ. ಒಬ್ಬ ಪೇಢಾ ಬಾಯಿಗೆ ಹಾಕಿಕೊಂಡು, "ಏನಾತಬೇ ಯಮ್ಮಾ, ಗಂಡೋ ಹೆಣ್ಣೋ?" ಎಂದ.

"ಕಾಲು ಯಪ್ಪಾ, ಕಾಲು!" ಎಂದೆ. ಅವನು ಇನ್ನೊಂದು ಪೇಢಾ ಕೇಳಲಿಲ್ಲ, ಸರಿದು ನಿಂತ.

ಮೊಮ್ಮಗಳು, ನನ್ನ ಮಗನ ಮಗಳು, ಶಹಾಪುರದಲ್ಲಿ ನರ್ಸಿಂಗ್ ಓದುತ್ತಾಳೆ. ನಮ್ಮ ಮನೆಯೂ ಅಲ್ಲೇ. ನನ್ನ ತಮ್ಮ ಸುರಪುರದ ಕಡೆಯವನು, ಹುಟ್ಟಿದಾಗಿನಿಂದ ಎತ್ತು ಹೊಡೆದವನು. ಹೋದ ವರ್ಷ ಹತ್ತಿ ಮಾರಿ, ಅರವತ್ತನೆಯ ವಯಸ್ಸಿನಲ್ಲಿ ಹೊಸ ಮೋಟರ್‌ಸೈಕಲ್ ಕೊಂಡ. ಲೈಸೆನ್ಸು ಕೈಗೆ ಬಂದ ಮರುದಿನವೇ ಅಕ್ಕನಿಗೆ ಗಾಡಿ ತೋರಿಸಬೇಕೆಂದು ಹೊರಟು ಬಂದ.

ನಮ್ಮ ಓಣಿಯ ತಿರುವಿನಲ್ಲಿ ಮೊಮ್ಮಗಳು ಕೊಡ ಹಿಡಿದು ನಿಂತಿದ್ದಳು. ಅವಳನ್ನು ಕಂಡವನೇ ಗಾಡಿ ನಿಲ್ಲಿಸಲು "ಹೋ! ಹೋ!" ಎಂದು ಕೂಗುತ್ತಾ, ಮೂಗುದಾರ ಜಗ್ಗಿದಂತೆ ಹ್ಯಾಂಡಲನ್ನು ಹಿಂದಕ್ಕೆ ಜಗ್ಗಿದ. ಎತ್ತಾಗಿದ್ದರೆ ನಿಲ್ಲುತ್ತಿತ್ತು. ಇದಕ್ಕೆ ಜಗ್ಗಿದಷ್ಟೂ ಎಕ್ಸಿಲರೇಟರ್ ತಿರುಗಿತು, ಓಟ ಹೆಚ್ಚಾಯಿತು. ತಮ್ಮ ತಿಪ್ಪೆಯ ಮೇಲೆ ಹಾರಿ ಬಿದ್ದ, ಕೂದಲೂ ಕೊಂಕಲಿಲ್ಲ. ಗಾಡಿ ನನ್ನ ಮೊಮ್ಮಗಳ ಕಾಲಿನ ಮೇಲೆ ಬಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತೆಂದು ಕೇಳಿದಾಗ ನನಗೆ ತಮ್ಮನದೇ ಚಿಂತೆ ಹತ್ತಿತು. ಮೋಟರ್‌ಸೈಕಲ್ ಎಂದರೆ ಪೊಲೀಸರು ಬರುತ್ತಾರೆ, ತಮ್ಮನನ್ನು ಒಳಗೆ ಹಾಕುತ್ತಾರೆ. ಬೇರೆಯವರು ಬಾಯಿ ತೆರೆಯುವ ಮೊದಲೇ, "ಎಮ್ಮಿ ಹಾಯ್ತ್ರಿ ಸಾಹೇಬ್ರ" ಎಂದುಬಿಟ್ಟೆ. ಅಷ್ಟಕ್ಕೇ ನಿಲ್ಲಬೇಕಿತ್ತು. ಹಿಂಡುವ ಹೊತ್ತಿನಲ್ಲಿ ಹಾಯ್ದಿತೆಂದೆ, ಎಡಗಡೆಯ ಕೊಂಬು ಚೂಪೆಂದೆ, ಈ ಸಲ ಕರು ಹಾಕಿದಾಗಿನಿಂದ ಅದಕ್ಕೆ ಸಿಟ್ಟು ಬಹಳವೆಂದೆ. ನಮ್ಮ ಎಮ್ಮೆಯೋ, ಕಾಗೆ ಬೆನ್ನ ಮೇಲೆ ಕೂತು ಕುಕ್ಕಿದರೂ ಬಾಲ ಎತ್ತದ ಸಾಧು ಪ್ರಾಣಿ. ಡಾಕ್ಟರು ನನ್ನ ಮುಖ ನೋಡಿದರು, ಮೊಮ್ಮಗಳ ಕಾಲು ನೋಡಿದರು, ಏನೋ ಬರೆದುಕೊಂಡರು.

ಕಾಲಿಗೆ ರಾಡು ಹಾಕಿದರು. ಮನೆಯಲ್ಲಿದ್ದದ್ದೆಲ್ಲ ಅದಕ್ಕೇ ಆಯಿತು. ನಾಲ್ಕು ತಿಂಗಳಾದರೂ ಎಲುಬು ಕೂಡಲಿಲ್ಲ. ಕಲಬುರಗಿಯ ದೊಡ್ಡ ಡಾಕ್ಟರು, "ಇನ್ನೊಂದು ಆಪರೇಷನ್ ಆಗಬೇಕು, ಇಲ್ಲವಾದರೆ ಜೀವನವಿಡೀ ಕುಂಟಬೇಕಾಗುತ್ತದೆ" ಎಂದರು. ಕುಂಟುವ ಕಾಲಿನಲ್ಲಿ ದಿನವಿಡೀ ವಾರ್ಡಿನಲ್ಲಿ ನಿಲ್ಲುವುದು ಹೇಗೆ? ಮೊಮ್ಮಗಳು ಕಾಲೇಜಿಗೆ ಹೋಗದಿದ್ದರೂ ಪ್ರತಿ ಭಾನುವಾರ ಬಿಳಿ ಯೂನಿಫಾರ್ಮಿಗೆ ಇಸ್ತ್ರಿ ಮಾಡಿ ಮೊಳೆಗೆ ತೂಗುಹಾಕುತ್ತಿದ್ದಳು. ಅದನ್ನು ನೋಡಲಾಗದೆ ನಾನು ಕೊಟ್ಟಿಗೆಗೆ ಹೋಗಿ ಕೂಡುತ್ತಿದ್ದೆ.

ಮಗ ವಕೀಲಮ್ಮನ ಹತ್ತಿರ ಕರೆದೊಯ್ದ. ಆಕೆ ಎಲ್ಲ ಕೇಳಿ ತಲೆ ಚಚ್ಚಿಕೊಂಡಳು. "ಯಮ್ಮಾ, ಗಾಡಿಗಿ ವಿಮಾ ಅದ. ಗಾಡಿ ಬಡಿದು ಯಾರಿಗರೆ ಪೆಟ್ಟಾದ್ರ ದವಾಖಾನಿ ಖರ್ಚು ಕಂಪನಿ ಕೊಡ್ತದ. ಆದ್ರ ಕಾಗದದಾಗ ನೀವು ಎಮ್ಮಿ ಅಂತ ಬರೆಸೀರಿ. ಎಮ್ಮಿಗಿ ವಿಮಾ ಮಾಡ್ಸೀರೇನು?"

ತಮ್ಮನನ್ನು ಕರೆಸಿದೆವು. ಅವನಿಗೆ ನಂಬಿಕೆಯೇ ಬರಲಿಲ್ಲ. "ವಿಮಾ ಅಂದ್ರ ಸತ್ತ ಮ್ಯಾಲ ಬರೋದಲ್ಲೇನು ಅಕ್ಕಾ? ಯಾರೂ ಸತ್ತಿಲ್ಲಲ್ಲ!"

"ಸಾಯೋದು ಬ್ಯಾಡ ಮಾರಾಯಾ. ಠಾಣೆಕ್ಕ ಹೋಗಿ ನಾನೇ ಬಡಿದೀನಿ ಅಂತ ಹೇಳು" ಎಂದಳು ವಕೀಲಮ್ಮ.

ಮರುದಿನ ಅವನು ತನ್ನೂರಿನಿಂದ ಠಾಣೆಗೆ ಹೊರಟ ಚಂದ ನೋಡಬೇಕಿತ್ತು. ಹೆಗಲ ಮೇಲೆ ಕಂಬಳಿ, ಬಗಲಲ್ಲಿ ತಂಬಿಗೆ, ಗಂಟಿನಲ್ಲಿ ಎಂಟು ದಿನಕ್ಕಾಗುವಷ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಅವನ ಹೆಂಡತಿ ಓಣಿಯವರೆಲ್ಲರ ಮುಂದೆ ಅತ್ತು ಕಳಿಸಿಕೊಟ್ಟಳು. ಹೋಗುವಾಗ, "ಎತ್ತಿಗಿ ಹೊತ್ತಿಗೆ ಸರಿಯಾಗಿ ನೀರು ಕುಡಿಸು" ಎಂದು ಹೇಳಿಯೂ ಹೋದ.

ಜಮಾದಾರರು ಗಂಟು ನೋಡಿ, "ಯಾವ ಊರಿಗಿ ಹೊಂಟೀಯೋ ಯಜಮಾನಾ?" ಎಂದರಂತೆ.

"ಜೇಲಿಗ್ರಿ."

ಅವರು ನಕ್ಕು, ಹೇಳಿದ್ದನ್ನೆಲ್ಲ ಬರೆದುಕೊಂಡು, ಜಾಮೀನಿನ ಕಾಗದಕ್ಕೆ ಸಹಿ ಹಾಕಿಸಿ, ಸಂಜೆಯೊಳಗೆ ಮನೆಗೆ ಕಳಿಸಿದರು. ಅತ್ತು ಕಳಿಸಿದ ಓಣಿಯೊಳಗೆ ಅದೇ ಗಂಟು ಹೊತ್ತು ಮರಳಿ ಬರಲು ಅವನಿಗೆ ಎಷ್ಟು ನಾಚಿಕೆಯಾಯಿತೆಂದರೆ, ಊರ ಹೊರಗೆ ಕತ್ತಲಾಗುವವರೆಗೆ ಕೂತು ಬಂದನಂತೆ.

ಇನ್ನು ಉಳಿದದ್ದು ನನ್ನ ಸುಳ್ಳು. ಕೋರ್ಟಿನಲ್ಲಿ ನನ್ನನ್ನು ನಿಲ್ಲಿಸಿ ಕಂಪನಿಯ ವಕೀಲರು ಕೇಳಿದರು. "ಅಂದು ಎಮ್ಮೆ ಅಂದಿರಿ, ಇಂದು ಮೋಟರ್‌ಸೈಕಲ್ ಅನ್ನುತ್ತೀರಿ. ಯಾವುದು ಸುಳ್ಳು?"

"ಎಮ್ಮಿ ಖರೇನೇ ಅದ್ರಿ. ಹಾಯ್ದದ್ದು ಸುಳ್ಳು."

"ಯಾಕೆ ಸುಳ್ಳು ಹೇಳಿದಿರಿ?"

"ಬಡಿದಾಂವ ನನ್ನ ತಮ್ಮ ಅದಾನ್ರಿ. ಎಮ್ಮಿನ ಪೊಲೀಸ್ರು ಹಿಡಕೊಂಡು ಹೋಗಂಗಿಲ್ಲ ಅಂತ ಅದರ ಹೆಸರು ಹೇಳಿದೆ. ತಪ್ಪಾಗ್ಯಾದ. ನನಗ ಬೇಕಾದ ಶಿಕ್ಷಾ ಕೊಡ್ರಿ, ಹುಡುಗಿ ಕಾಲಿಗಿ ಕೊಡಬ್ಯಾಡ್ರಿ."

ಹಿಂದಿನ ಬೆಂಚಿನವರೆಲ್ಲ ನಕ್ಕರು. ನನಗೆ ಮಾತ್ರ ಒಂದೇ ಚಿಂತೆ. ಒಬ್ಬ ಮುದುಕಿ ಒಮ್ಮೆ ಸುಳ್ಳು ಹೇಳಿದ ಮೇಲೆ ಎರಡನೆಯ ಸಲ ಯಾರು ನಂಬುತ್ತಾರೆ? ಆಗ ಮೊದಲ ದಿನ ಕಾಲು ನೋಡಿದ ಡಾಕ್ಟರನ್ನು ಕರೆದರು. ಅಂದು ಅವರು ನನ್ನ ಮಾತಿನ ಕೆಳಗೆ ಇನ್ನೊಂದು ಸಾಲು ಬರೆದಿದ್ದರಂತೆ, ಅದನ್ನೇ ಓದಿದರು: ಅಜ್ಜಿ ಎಮ್ಮೆ ಎನ್ನುತ್ತಾರೆ, ಗಾಯದಲ್ಲಿ ರಸ್ತೆಯ ಜಲ್ಲಿ ಚೂರು ಇದೆ, ಮೀನಖಂಡದ ಮೇಲೆ ಸೈಲೆನ್ಸರ್ ಸುಟ್ಟ ಗುರುತಿದೆ. ಓದಿ ಮುಗಿಸಿ, "ನಾನು ಇದುವರೆಗೆ ನೋಡಿದ ಯಾವ ಎಮ್ಮೆಗೂ ಸೈಲೆನ್ಸರ್ ಇರಲಿಲ್ಲ ಸ್ವಾಮಿ" ಎಂದರು. ಜಡ್ಜ್ ಸಾಹೇಬರೂ ಮುಖಕ್ಕೆ ಕಾಗದ ಅಡ್ಡ ಹಿಡಿದುಕೊಂಡರು. ನನಗೆ ಬೈದು ಬುದ್ಧಿ ಹೇಳಿದರು, ನಾನು ಎರಡೂ ಗಲ್ಲ ಬಡಿದುಕೊಂಡೆ. ಅದಾಗಿ ಕೆಲವು ವಾರಕ್ಕೆ, ನಿನ್ನೆ, ಆದೇಶ ಬಂತು.

ಸಂಜೆ ಮನೆ ತುಂಬ ಜನ. ಸೊಸೆ ಗೋಧಿ ಹುಗ್ಗಿ ಮಾಡಿದಳು, ತಮ್ಮನ ಹೆಂಡತಿ ಪುಂಡಿಪಲ್ಯ ತಂದಳು, ನಾನು ರೊಟ್ಟಿ ಬಡಿದೆ. ತಮ್ಮ ಮಾತ್ರ ಅಂಗಳದಲ್ಲೇ ನಿಂತಿದ್ದ. ಕಾಲು ಮುರಿದ ದಿನದಿಂದ ಅವನು ನಮ್ಮ ಮನೆಯಲ್ಲಿ ಒಂದು ತುತ್ತು ಉಂಡವನಲ್ಲ.

ಮೊಮ್ಮಗಳು ಕೋಲು ಊರಿಕೊಂಡು ಬಾಗಿಲಿಗೆ ಹೋಗಿ ಅಜ್ಜನನ್ನು ಕರೆದಳು. "ಮುತ್ಯಾ, ಒಳಗ ಬರ್ತೀಯೋ, ನಾನೇ ಬಂದು ಜಗ್ಗಲೋ? ಜಗ್ಗಿದ್ರ ನಿನ್ನ ಗಾಡಿಹಂಗ ನೀನೂ ಜೋರಾಗಿ ಓಡಿಗೀಡೀ!"

ಅವನು ಅಳುತ್ತಲೂ ನಗುತ್ತಲೂ ಬಂದು ಅವಳ ಪಕ್ಕದಲ್ಲಿ ಕೂತ. ಕಣ್ಣೊರೆಸಿಕೊಂಡು, "ಪಲ್ಯಾ ಭಾಳ ಖಾರಾಗ್ಯಾದ" ಎಂದ. ಅವನ ತಾಟಿಗೆ ಪಲ್ಯ ಇನ್ನೂ ಬಡಿಸಿಯೇ ಇರಲಿಲ್ಲ. ನಾನು ಹುಗ್ಗಿಯ ಮೇಲೆ ತುಪ್ಪ ಸುರಿದೆ, ಎಲ್ಲರೂ ಉಂಡೆವು.